ಗಾಜಿನ ಮೇಲೆ ನಿಂತ ನಗರ: ರಾಜಾ ದೀನದಯಾಳರು

1908ನೆಯ ಇಸವಿಯ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕೇರಿ ಹೈದರಾಬಾದು ನಗರದೊಳಕ್ಕೆ ನುಗ್ಗಿತು. ಸೇತುವೆಗಳು ಮುರಿದುವು, ಬೀದಿಬೀದಿಗಳೇ ಕೊಚ್ಚಿಹೋದುವು, ಸಾವಿರಾರು ಜನ ಪ್ರಾಣ ತೆತ್ತರು. ಮುಂದೆ ಇಂತಹ ಅನಾಹುತ ಮರುಕಳಿಸದಂತೆ ಉಪಾಯ ಹೇಳುವುದಕ್ಕಾಗಿ ನಮ್ಮ ವಿಶ್ವೇಶ್ವರಯ್ಯನವರನ್ನು ಅಲ್ಲಿಗೆ ಕರೆಸಿಕೊಂಡರೆಂಬುದೂ, ಅವರ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೆಂಬ ಎರಡು ಜಲಾಶಯಗಳು ಮೈದಾಳಿದುವೆಂಬುದೂ ಎಲ್ಲರಿಗೂ ತಿಳಿದ ವಿಷಯ. ನೆರೆಯ ನಂತರ ನಗರ ಹೊಸದಾಗಿ ಎದ್ದು ನಿಂತಿತು. ಆದರೆ ನೆರೆಗೆ ಮುಂಚಿನ ಆ ಹಳೆಯ ಹೈದರಾಬಾದು ಹೇಗಿತ್ತು? ಅದರ ಅರಮನೆಗಳು, ಅಂಗಳಗಳು, ಮೆರವಣಿಗೆಯ ಆನೆಗಳು, ಆನೆಯ ಹಿಂದೆ ನಡೆಯುತ್ತಿದ್ದ ಹೆಸರಿಲ್ಲದ ಜನ, ಇವೆಲ್ಲ ಹೇಗಿದ್ದುವು? ಈ ಪ್ರಶ್ನೆಗೆ ಕಣ್ಣಿಗೆ ಕಾಣುವಂತಹ ಉತ್ತರವನ್ನು ಉಳಿಸಿಹೋದವರು ಒಂದು ಛಾಯಾಗ್ರಾಹಕ ಮನೆತನದವರು. ಆ ಮನೆತನದ ಮೂಲಪುರುಷರಾದ ರಾಜಾ ದೀನದಯಾಳರು ನೆರೆ ಬರುವುದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದರು.

ಹೈದರಾಬಾದಿನ ಕಥೆ ಕನ್ನಡಿಗರಿಗೆ ಪರರ ಕಥೆಯಲ್ಲ. ಕಲಬುರ್ಗಿ, ಬೀದರ, ರಾಯಚೂರು ಸೀಮೆಗಳು ಬಹುಕಾಲ ನಿಜಾಮರ ಆಳ್ವಿಕೆಯಲ್ಲಿದ್ದುವು. ಆ ಭಾಗದ ನಮ್ಮ ಹಿರಿಯರು ವಿದ್ಯೆಗಾಗಿ, ಉದ್ಯೋಗಕ್ಕಾಗಿ, ನ್ಯಾಯಕ್ಕಾಗಿ ಹೋಗುತ್ತಿದ್ದುದು ಆ ನಗರಕ್ಕೇ. ದೀನದಯಾಳರ ಚಿತ್ರಗಳಲ್ಲಿ ಕಾಣುವ ರಾಜಧಾನಿ ಅವರ ರಾಜಧಾನಿಯೂ ಆಗಿತ್ತು.

ದೀನದಯಾಳರು ಹುಟ್ಟಿದ್ದು 1844ರಲ್ಲಿ, ಉತ್ತರ ಭಾರತದ ಮೀರತ್ತಿಗೆ ಸಮೀಪದ ಸರ್ಧಾನಾ ಎಂಬ ಊರಿನಲ್ಲಿ. ರತ್ನಪಡಿ ವ್ಯಾಪಾರದ ಜೈನ ಮನೆತನ ಅವರದು. ಮೀರತ್ತಿನಲ್ಲಿ 1857ರ ದಂಗೆಯ ಕಿಡಿ ಹೊತ್ತಿಕೊಂಡಾಗ ಅವರಿನ್ನೂ ಹದಿಮೂರರ ಆಸುಪಾಸಿನ ಬಾಲಕ. ಹಳೆಯ ದೊರೆತನಗಳು ಉರುಳಿ ಹೊಸ ಸರಕಾರ ನೆಲೆಯೂರುತ್ತಿದ್ದ ಕಾಲ ಅದು. ಆ ಸರಕಾರಕ್ಕೆ ರಸ್ತೆ, ಸೇತುವೆ, ಕಾಲುವೆಗಳನ್ನು ಕಟ್ಟಬಲ್ಲ ಜನ ಬೇಕಾಗಿದ್ದರು. ತರುಣ ದೀನದಯಾಳರು ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜನ್ನು ಸೇರಿ, ವಿದ್ಯೆ ಮುಗಿಸಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜು ತಯಾರಿಸುವ ಮತ್ತು ನಕ್ಷೆ ಬರೆಯುವ ಕೆಲಸಕ್ಕೆ ನಿಂತರು. ಗೆರೆಯ ನೇರ, ಅಳತೆಯ ನಿಖರತೆ, ಕಟ್ಟಡವೊಂದನ್ನು ಎಲ್ಲಿ ನಿಂತು ನೋಡಿದರೆ ಅದರ ಒಟ್ಟಂದ ಗೋಚರಿಸುವುದೆಂಬ ವಿವೇಕ, ಇವು ಅವರಿಗೆ ಈ ಉದ್ಯೋಗದಿಂದ ಬಂದ ಆಸ್ತಿಯೆಂದು ತೋರುತ್ತದೆ. ಮುಂದೆ ಅವರು ತೆಗೆದ ಕಟ್ಟಡಗಳ ಚಿತ್ರಗಳಲ್ಲಿ ನಕ್ಷೆಗಾರನ ಕಣ್ಣು ಎಚ್ಚರವಾಗಿಯೇ ಇರುವುದನ್ನು ನಾವು ಕಾಣಬಹುದು.

ಛಾಯಾಗ್ರಹಣ ಅವರ ಕೈಹಿಡಿದದ್ದು 1874ರ ಸುಮಾರಿಗೆ, ಮೂವತ್ತರ ವಯಸ್ಸಿನಲ್ಲಿ. ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಚಿತ್ರ ಮೂಡುವ ಈ ದಿನಗಳಲ್ಲಿ ಆ ಕಾಲದ ಕಷ್ಟವನ್ನು ಊಹಿಸುವುದೂ ಕಷ್ಟ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಯಿಸಬೇಕು. ಕತ್ತಲೆಯಲ್ಲಿ ಅದನ್ನು ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಆರುವುದಕ್ಕೆ ಮೊದಲೇ ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಬೇಕು. ಮತ್ತೆ ಕತ್ತಲೆಯ ಗುಡಾರಕ್ಕೆ ಓಡಿ ಚಿತ್ರವನ್ನು ಮೂಡಿಸಬೇಕು. ಮಾಳವದ ಬೇಸಗೆಯಲ್ಲಿ ಇದೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಗಾಜು, ಔಷಧಿ, ಗುಡಾರ, ನೀರು ಎಲ್ಲವನ್ನೂ ಹೊತ್ತು ಸಾಗುವ ಆಳುಕಾಳು ಜೊತೆಗಿರಬೇಕು. ಒಂದು ಧೂಳಿನ ಕಣ, ಒಂದು ಬೆರಳಿನ ಗುರುತು, ಬಂಡಿಯ ಒಂದು ಕುಲುಕಾಟ ಸಾಕು, ಪಟ್ಟ ಪಾಡೆಲ್ಲ ಮಣ್ಣುಪಾಲು. ಎಂಬತ್ತರ ದಶಕದಲ್ಲಿ ಒಣ ಹಲಗೆಗಳು ಬಂದ ಮೇಲೆ ಈ ಬವಣೆ ಕಡಿಮೆಯಾಯಿತಾದರೂ ಗಾಜಿನ ಭಾರವೂ ಅದು ಒಡೆದೀತೆಂಬ ಭಯವೂ ತಪ್ಪಲಿಲ್ಲ.

ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರರೂ, ಮಧ್ಯಭಾರತದಲ್ಲಿ ಗವರ್ನರ್ ಜನರಲರ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿಯವರೂ ಈ ನಕ್ಷೆಗಾರನ ಹವ್ಯಾಸಕ್ಕೆ ನೀರೆರೆದರು. 1875-76ರಲ್ಲಿ ವೇಲ್ಸ್ ರಾಜಕುಮಾರರು ಭಾರತಕ್ಕೆ ಬಂದಾಗ ಅವರ ಚಿತ್ರ ತೆಗೆಯುವ ಅವಕಾಶವೂ ಒದಗಿತು. ಡೇಲಿಯವರ ಸ್ಥಾನಕ್ಕೆ ಬಂದ ಸರ್ ಲೆಪೆಲ್ ಗ್ರಿಫಿನ್ನರು 1882-83ರಲ್ಲಿ ಬುಂದೇಲಖಂಡದ ಪ್ರವಾಸ ಕೈಗೊಂಡಾಗ ದೀನದಯಾಳರನ್ನು ಜೊತೆಗೆ ಕರೆದೊಯ್ದರು. ಗ್ವಾಲಿಯರಿನ ಕೋಟೆ, ಖಜುರಾಹೋದ ದೇಗುಲಗಳು, ಓರ್ಛಾದ ಅರಮನೆಗಳು ಗಾಜಿನ ಮೇಲೆ ಇಳಿದುವು. ಆ ಚಿತ್ರಗಳಿಗೆ ಗ್ರಿಫಿನ್ನರ ವಿವರಣೆ ಕೂಡಿ ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳನ್ನು ಕುರಿತ ಬೃಹದ್‌ಗ್ರಂಥ 1886ರಲ್ಲಿ ಪ್ರಕಟವಾಯಿತು.

ಇಷ್ಟು ಹೊತ್ತಿಗೆ ದೀನದಯಾಳರ ಮುಂದೆ ಕವಲುದಾರಿ ಬಂದು ನಿಂತಿತ್ತು. ಒಂದು ಕಡೆ ಸರಕಾರಿ ಚಾಕರಿ, ತಿಂಗಳ ಸಂಬಳ, ಮುಪ್ಪಿಗೆ ನಿವೃತ್ತಿ ವೇತನ. ಇನ್ನೊಂದು ಕಡೆ ಗಾಜನ್ನೂ ಬಿಸಿಲನ್ನೂ ನಂಬಿದ ಬಾಳು. ನಲವತ್ತು ದಾಟಿದ ಸಂಸಾರವಂತನೊಬ್ಬ ಎರಡನೆಯದನ್ನು ಆರಿಸಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಅವರು ಮೊದಲು ರಜೆ ಪಡೆದರು. ಅನಂತರ ಕೆಲಸವನ್ನೇ ಬಿಟ್ಟರು. 1885ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ನರ ಛಾಯಾಗ್ರಾಹಕರೆಂಬ ಮನ್ನಣೆ ದೊರೆಯಿತು. ಅದೇ ಸುಮಾರಿಗೆ ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯವೂ ಲಭಿಸಿತು. ಸಿಕಂದರಾಬಾದಿನಲ್ಲಿ ಅವರ ಚಿತ್ರಶಾಲೆ ತೆರೆಯಿತು.

ಅವರು ಕಾಲಿಟ್ಟ ನಗರ ಆಗ ಬೆಳವಣಿಗೆಯ ಹೊಸ್ತಿಲಲ್ಲಿತ್ತು. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದು ಹನ್ನೊಂದು ವರ್ಷಗಳಷ್ಟೇ ಆಗಿದ್ದುವು. 1591ರ ಚಾರ್‌ಮಿನಾರಿನ ಸುತ್ತ ಬೆಳೆದ ಹಳೆಯ ಪೇಟೆ ಒಂದು ಕಡೆ, ಹುಸೇನ್ ಸಾಗರದ ಆಚೆ ಆಂಗ್ಲರ ದಂಡು ಇನ್ನೊಂದು ಕಡೆ, ಇವೆರಡರ ನಡುವೆ ಹೊಸ ಬಂಗಲೆಗಳು, ಕಚೇರಿಗಳು. ಗುಡ್ಡದ ಮೇಲೆ ಫಲಕ್‌ನುಮಾ ಅರಮನೆ ಏಳುತ್ತಿತ್ತು. ದೊರೆಯ ದರ್ಬಾರು, ವೈಸರಾಯರ ಭೇಟಿ, ಸೇನೆಯ ಕಸರತ್ತು, ಬೇಟೆಯ ಬಿಡಾರ, ಅಮೀರರ ಔತಣ, ಇವು ಯಾವುವೂ ದೀನದಯಾಳರ ಕ್ಯಾಮೆರಾದ ಕಣ್ಣು ತಪ್ಪಿಸಿ ನಡೆಯಲಿಲ್ಲವೆಂದರೂ ಸಲ್ಲುತ್ತದೆ. ಛಾಯಾಚಿತ್ರವನ್ನು ವೃತ್ತಪತ್ರಿಕೆಯಲ್ಲಿ ನೇರವಾಗಿ ಮುದ್ರಿಸುವ ಕಲೆ ಆಗಿನ್ನೂ ಶೈಶವಾವಸ್ಥೆಯಲ್ಲಿತ್ತು. ಆದುದರಿಂದ ಇಂದು ಪತ್ರಿಕೆಯ ಛಾಯಾಗ್ರಾಹಕ ಮಾಡುವ ಕೆಲಸವನ್ನು ಅಂದು ಇಂತಹವರು ಆಲ್ಬಮ್ಮುಗಳ ಮೂಲಕ ಮಾಡುತ್ತಿದ್ದರು. ನಡೆದ ಘಟನೆಯ ಚಿತ್ರಗಳು ಚರ್ಮದ ಹೊದಿಕೆಯೊಳಗೆ ಸೇರಿ ಅರಮನೆಯಿಂದ ಅರಮನೆಗೆ, ಕಡಲಿನಾಚೆಗೆ ಪ್ರಯಾಣ ಮಾಡುತ್ತಿದ್ದುವು.

1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕವಾದ ಚಿತ್ರಶಾಲೆಯೊಂದನ್ನು ತೆರೆದರು. ಪರದೆಯ ಪದ್ಧತಿ ಬಿಗಿಯಾಗಿದ್ದ ಊರದು. ಸುತ್ತ ಎತ್ತರದ ಗೋಡೆ, ಒಳಗೆ ಕೆಲಸ ನೋಡಿಕೊಳ್ಳುವುದಕ್ಕೆ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆ. ಪರಪುರುಷರ ಕಣ್ಣಿಗೆ ಬೀಳಬಾರದೆಂಬ ಕಟ್ಟಳೆಯಲ್ಲಿ ಬಾಳಿದ ಹೆಣ್ಣುಮಕ್ಕಳು ತಮ್ಮ ಮುಖವನ್ನು ತಾವು ಚಿತ್ರದಲ್ಲಿ ಕಾಣುವಂತಾಯಿತು. ಇದು ವ್ಯಾಪಾರದ ಜಾಣ್ಮೆಯೂ ಹೌದು, ಲೋಕಜ್ಞಾನದ ಸೂಕ್ಷ್ಮತೆಯೂ ಹೌದು.

ಕೀರ್ತಿ ಬೆನ್ನಟ್ಟಿ ಬಂದಿತು. 1893ರಲ್ಲಿ ಶಿಕಾಗೋ ನಗರದ ವಿಶ್ವಪ್ರದರ್ಶನದಲ್ಲಿ ಪುರಸ್ಕಾರ. 1894ರಲ್ಲಿ ನಿಜಾಮರಿಂದ ರಾಜಾ ಬಹಾದುರ್ ಮುಸವ್ವಿರ್ ಜಂಗ್ ಎಂಬ ಬಿರುದು. 1897ರಲ್ಲಿ ವಿಕ್ಟೋರಿಯಾ ಮಹಾರಾಣಿಯ ಸನ್ನದು. ಮುಸವ್ವಿರ್ ಎಂದರೆ ಚಿತ್ರಕಾರ, ಜಂಗ್ ಎಂದರೆ ಯುದ್ಧ. ಕತ್ತಿ ಹಿಡಿಯದ ಈ ವೀರನ ಆಯುಧವೆಂದರೆ ಗಾಜು. ನಿಜಾಮರು ಉರ್ದುವಿನಲ್ಲಿ ದ್ವಿಪದಿಯೊಂದನ್ನು ಕಟ್ಟಿ ಇವರನ್ನು ಹೊಗಳಿದ್ದುಂಟು. 1896ರಲ್ಲಿ ಮುಂಬಯಿಯಲ್ಲಿಯೂ ಭಾರಿ ಚಿತ್ರಶಾಲೆ ಪ್ರಾರಂಭವಾಯಿತು. ಮಕ್ಕಳಾದ ಜ್ಞಾನಚಂದ, ಧರ್ಮಚಂದ ಇಬ್ಬರೂ ತಂದೆಯ ಕಸುಬನ್ನೇ ಕಲಿತರು. ಸಂಸ್ಥೆಯ ಹೆಸರು ರಾಜಾ ದೀನದಯಾಳ ಮತ್ತು ಪುತ್ರರು ಎಂದಾಯಿತು. ಆ ಹೆಸರಿನ ಅಡಿಯಲ್ಲಿ ಅನೇಕ ಸಹಾಯಕರ ಕೈಗಳೂ ದುಡಿದುವು. ಇಂತಹ ಚಿತ್ರ ತಂದೆಯದೋ, ಮಗನದೋ, ಕೂಲಿಗೆ ನಿಂತ ಸಹಾಯಕನದೋ ಎಂದು ಬಿಡಿಸಿ ಹೇಳುವುದು ಅನೇಕ ಕಡೆ ಸಾಧ್ಯವಿಲ್ಲ.

ಇಲ್ಲಿ ವಿಮರ್ಶಕನಾದವನು ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ದೀನದಯಾಳರು ಯಾರ ಕಣ್ಣಿನಿಂದ ನೋಡಿದರು? 1902ರಲ್ಲಿ ಲಾರ್ಡ್ ಕರ್ಜನ್ ದಂಪತಿಗಳು ವರಂಗಲ್ಲಿನ ಕಾಡಿನಲ್ಲಿ ಕೊಂದ ಹುಲಿಯೊಡನೆ ನಿಂತ ಚಿತ್ರ ಈ ಸಂಸ್ಥೆಯದು. ಅದಕ್ಕೆ ಎರಡು ವರ್ಷ ಹಿಂದಷ್ಟೇ ದಖ್ಖಣವನ್ನು ಘೋರ ಕ್ಷಾಮ ಸುಟ್ಟಿತ್ತು. ಆ ಕಾಲದಲ್ಲಿ ಸಂಸ್ಥಾನ ಕೈಗೊಂಡ ಪರಿಹಾರಕಾರ್ಯಗಳ ಚಿತ್ರಗಳೂ ಈ ಸಂಸ್ಥೆಯವೇ. ಹಸಿದವರ ಚಿತ್ರವನ್ನು ತೆಗೆದದ್ದು ಹಸಿವನ್ನು ತೋರಿಸುವುದಕ್ಕಲ್ಲ, ಅನ್ನವಿಕ್ಕಿದವರ ಔದಾರ್ಯವನ್ನು ತೋರಿಸುವುದಕ್ಕೆ ಎಂದು ಯಾರಾದರೂ ಹೇಳಿದರೆ ಅದನ್ನು ಸುಳ್ಳೆನ್ನಲಾಗದು. ಹಣ ಕೊಟ್ಟವರು ಪ್ರಭುಗಳು. ಚಿತ್ರ ನಿಂತದ್ದು ಅವರ ಮುಂದೆ. ನಮ್ಮ ಹಳೆಯ ಆಸ್ಥಾನಕವಿಗಳಿಗೂ ಇದೇ ಗತಿಯಾಗಿತ್ತಲ್ಲವೆ? ಆದರೆ ಕವಿ ತಾನು ಬೇಡವೆಂದದ್ದನ್ನು ಪದ್ಯದಿಂದ ಬಿಡಬಲ್ಲ, ಕ್ಯಾಮೆರಾ ಬಿಡಲಾರದು. ದೊರೆಯನ್ನು ಹಿಡಿಯಲು ಹೋದ ಗಾಜು ಛತ್ರಿ ಹಿಡಿದವನನ್ನೂ, ಕುದುರೆಯ ಲಗಾಮು ಹಿಡಿದ ಹುಡುಗನನ್ನೂ ಹಿಡಿದುಬಿಡುತ್ತದೆ. ಇಂದು ನಾವು ಆ ಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ನಡುವಿನ ಸಿಂಹಾಸನವನ್ನು ಬಿಟ್ಟು ಅಂಚಿಗೆ ಸರಿಯುತ್ತದೆ. ಅಲ್ಲಿ ನಿಂತವನು ನಮ್ಮ ಅಜ್ಜನೋ ಮುತ್ತಜ್ಜನೋ ಆಗಿರಬಾರದೇಕೆ?

ಏರಿದ್ದು ಇಳಿಯುವ ಕಾಲವೂ ಬಂದಿತು. 1903ರ ದೆಹಲಿ ದರ್ಬಾರಿನ ವೈಭವವನ್ನು ಸಂಸ್ಥೆ ಚಿತ್ರಿಸಿತು. ಮರುವರ್ಷವೇ ಮಗ ಧರ್ಮಚಂದ ತೀರಿಹೋದ. ಅದರ ಮರುವರ್ಷ, 1905ರ ಜುಲೈ 5ರಂದು, ತಂದೆ ಕಣ್ಮುಚ್ಚಿದರು. ಅರುವತ್ತೊಂದರ ಆ ಜೀವಕ್ಕೆ ಪುತ್ರಶೋಕ ಎಷ್ಟು ಭಾರವಾಗಿತ್ತೆಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಆ ಎರಡು ಇಸವಿಗಳು ಅಕ್ಕಪಕ್ಕ ನಿಂತು ಹೇಳುವುದಷ್ಟೇ ನಮಗೆ ಉಳಿದಿದೆ. ಜ್ಞಾನಚಂದರು ಕಸುಬನ್ನು ಮುಂದುವರಿಸಿದರು. ಮೊಮ್ಮಕ್ಕಳ ತಲೆಮಾರಿಗೂ ಅದು ಹರಿಯಿತು. ಆದರೆ ಛಾಯಾಗ್ರಹಣ ಅಗ್ಗವಾಗಿ, ಕೈಕ್ಯಾಮೆರಾ ಮನೆಮನೆಗೆ ಬಂದು, ದೊರೆತನಗಳೂ ಅಳಿದ ಮೇಲೆ ಹಿಂದಿನ ವೈಭವ ಮರಳಲಿಲ್ಲ.

ಆದರೂ ಗಾಜು ಉಳಿಯಿತು. ಒಂದು ಬೆರಳು ಜಾರಿದರೆ ನುಚ್ಚುನೂರಾಗುವ ಆ ಹಲಗೆಗಳನ್ನು ಮನೆಯವರು ದಶಕಗಳ ಕಾಲ ಕಾಪಾಡಿಕೊಂಡು ಬಂದರು. ನೆರೆ ಬಂದಿತು, ರಾಜ್ಯ ಹೋಯಿತು, ನಾಡಿನ ಗಡಿಗಳು ಬದಲಾದುವು. ಕಬ್ಬಿಣದ ಸೇತುವೆಗಿಂತ ಗಾಜಿನ ಹಲಗೆ ಹೆಚ್ಚು ಬಾಳಿತು. 1989ರಲ್ಲಿ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರ 2,857 ಗಾಜಿನ ಮೂಲಪ್ರತಿಗಳನ್ನು ಪಡೆದುಕೊಂಡಿತು. 2006ರಲ್ಲಿ ಭಾರತೀಯ ಅಂಚೆ ಇಲಾಖೆ ದೀನದಯಾಳರ ಹೆಸರಿನಲ್ಲಿ ಅಂಚೆಚೀಟಿಯೊಂದನ್ನು ಹೊರತಂದಿತು.

ಬೆಳೆಯುವ ನಗರಕ್ಕೆ ಮರೆವು ಸಹಜ. ಅದು ನಿನ್ನೆಯ ಮನೆಯನ್ನು ಕೆಡವಿಯೇ ಇಂದಿನ ಮನೆಯನ್ನು ಕಟ್ಟುತ್ತದೆ. ನಮ್ಮ ಬೆಂಗಳೂರೇ ಇದಕ್ಕೆ ನಿದರ್ಶನ. ನಮ್ಮ ಊರಿನ ಬೀದಿಬದಿಯ ಹಳೆಯ ಚಿತ್ರಶಾಲೆಗಳಲ್ಲಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗಳಲ್ಲಿ ಇಂತಹ ಗಾಜು ಎಷ್ಟಿದೆಯೋ, ಹಳೆಯ ಸಾಮಾನಿನವನ ಪಾಲಾದುದು ಎಷ್ಟೋ! ಮುಂದಿನ ಸಲ ಅಟ್ಟವನ್ನು ಗುಡಿಸುವಾಗ ಕೈಗೆ ಸಿಕ್ಕ ಕಪ್ಪು ಗಾಜನ್ನು ಎಸೆಯುವ ಮುನ್ನ ಅದನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದಾದರೆ, ಅದು ದೀನದಯಾಳರ ಮನೆತನಕ್ಕೆ ನಾವು ಸಲ್ಲಿಸುವ ಗೌರವವಾದೀತು.