ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್ (29 ಮೇ 1811 – 10 ಮೇ 1881) ಜರ್ಮನಿಯ ಕ್ರೈಸ್ತ ಧರ್ಮಪ್ರಚಾರಕರು ಹಾಗೂ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು. ಬೈಬಲ್ಲಿನ ಬೋಧನೆಯಂತೆ ಬಾಳುವುದರಲ್ಲಿಯೇ ಶಾಶ್ವತವಾದ ಆನಂದವಿದೆ ಎಂದು ನಂಬಿದ್ದ ಅವರು, ಕೊಡಗಿನಲ್ಲಿ ಆನಂದಪುರವೆಂಬ ಗ್ರಾಮವನ್ನು ನೆಲೆಗೊಳಿಸಿದರು.

ಆರಂಭಿಕ ಜೀವನ

ಬ್ರಾಕೆನ್‌ಹೈಮ್ ಎಂಬಲ್ಲಿ ಜನಿಸಿದ ಮೊಗ್ಲಿಂಗ್, ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿದರು. ಬಾಸೆಲ್ ಮಿಷನ್ನನ್ನು ಸೇರಿ 1836ರಲ್ಲಿ ಭಾರತಕ್ಕೆ ಬಂದು, ಮಂಗಳೂರಿನಲ್ಲಿ ಸೇವೆ ಸಲ್ಲಿಸಿದರು.

ಸಾಹಿತ್ಯ ಸೇವೆ

1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪಾಕ್ಷಿಕವು ಮರುವರ್ಷ ಬಳ್ಳಾರಿಗೆ ವರ್ಗಾವಣೆಗೊಂಡು 'ಕನ್ನಡ ಸಮಾಚಾರ'ವಾಯಿತು. 1848ರಿಂದ ಹೊರತಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮತ್ತು ದಾಸರ ಪದಗಳು ಪ್ರಕಟವಾದವು. ತಮ್ಮ ಮತಕ್ಕೆ ಸೇರದ ಕೃತಿಗಳನ್ನೂ ಆದರದಿಂದ ಸಂಗ್ರಹಿಸಿದ್ದು ಅವರ ಹಿರಿಮೆ.

ಆನಂದಪುರ

ಕೊಡವ ಸಮುದಾಯದ ಸೋಮಯ್ಯ ಎಂಬುವರು ಕ್ರೈಸ್ತಮತವನ್ನು ಸ್ವೀಕರಿಸಿದ ಬಳಿಕ, 1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ತೆರಳಿದರು. ಅಲ್ಲಿ ತಲೆತಲಾಂತರದಿಂದ ಜೀತದಲ್ಲಿದ್ದ ದಲಿತರು ಅವರ ಬೋಧನೆಯತ್ತ ಆಕರ್ಷಿತರಾದರು. ಉಪದೇಶ ಮಾತ್ರವೇ ಇವರ ಬದುಕಿಗೆ ಆಸರೆಯಾಗಲಾರದಾದ್ದರಿಂದ ಆನಂದಪುರದಲ್ಲಿ ಅವರಿಗೆ ನೆಲೆ ಕಲ್ಪಿಸಲಾಯಿತು. ಜೀವನೋಪಾಯಕ್ಕೆಂದು ಕಾಫಿ ತೋಟವನ್ನೂ ಬೆಳೆಸಲಾಯಿತು. ಧಣಿಯ ಹಂಗಿಲ್ಲದ ದುಡಿಮೆಯೂ ಪ್ರಾರ್ಥನೆಯೂ ಅಲ್ಲಿ ಜೊತೆಗೂಡಿದವು.

ಕೊನೆಯ ದಿನಗಳು

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಸ್ವದೇಶಕ್ಕೆ ಮರಳಿದ ಮೊಗ್ಲಿಂಗ್, ಎಸ್ಲಿಂಗನ್ನಿನಲ್ಲಿ ನಿಧನರಾದರು.