ಅಂಜುಬುರುಕಿ ತೆರೇಸಾ ಧೈರ್ಯ ಕಲಿತ ಬಗೆ

ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡು ನಿಂತ ಒಬ್ಬ ಎಳೆಯ ಕನ್ಯಾಸ್ತ್ರೀಯ ಪ್ರತಿಮೆಯನ್ನು ನಮ್ಮ ಅನೇಕ ದೇವಾಲಯಗಳಲ್ಲಿ ನೀವು ಕಂಡಿರುತ್ತೀರಿ. ಆಕೆಯೇ ಬಾಲಯೇಸುವಿನ ಸಂತ ತೆರೇಸಾ. ಅಕ್ಟೋಬರ್ 1 ಆಕೆಯ ಹಬ್ಬದ ದಿನ. ಕೋಲ್ಕತ್ತಾದ ಸಂತ ಮದರ್ ತೆರೇಸಾ ಸನ್ಯಾಸ ಸ್ವೀಕರಿಸಿದಾಗ ಆರಿಸಿಕೊಂಡದ್ದು ಈಕೆಯ ಹೆಸರನ್ನೇ. ಪ್ರತಿಮೆಯ ಶಾಂತ ಮುಖವನ್ನು ನೋಡಿದಾಗ, ಈ ಹೆಣ್ಣುಮಗಳು ಹುಟ್ಟಿದಂದಿನಿಂದಲೇ ಚಿಂತೆ ಅರಿಯದೆ ಬೆಳೆದಿರಬೇಕೆಂದು ನಮಗೆ ತೋರುವುದು ಸಹಜ. ನಿಜ ಸಂಗತಿ ಹಾಗಿರಲಿಲ್ಲ. ನಾಲ್ಕೂವರೆ ವರ್ಷದಿಂದ ಹದಿನಾಲ್ಕರ ಹೊಸ್ತಿಲಿನವರೆಗೆ ಈಕೆ ಅಂಜಿಕೆಯಲ್ಲಿ, ಅಳುವಿನಲ್ಲಿ, ಮನಸ್ಸಿನ ಕಳವಳದಲ್ಲಿ ದಿನ ಕಳೆದ ಮಗು.

ನಿಮ್ಮ ಮನೆಯಲ್ಲೂ ಅಂಥ ಮಗು ಇರಬಹುದು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಎನ್ನುವ ಮಗ ಇರಬಹುದು. ಪರೀಕ್ಷೆ ಹತ್ತಿರವಾದಂತೆ ಊಟ, ನಿದ್ರೆ ಎರಡನ್ನೂ ಬಿಡುವ ಮಗಳು ಇರಬಹುದು. ನೀವು ಬೈದು ನೋಡಿರುತ್ತೀರಿ, ಸಮಾಧಾನ ಹೇಳಿ ನೋಡಿರುತ್ತೀರಿ, ಮೊಂಬತ್ತಿ ಹಚ್ಚಿ ಪ್ರಾರ್ಥಿಸಿಯೂ ಇರುತ್ತೀರಿ. ಅಂಥ ತಂದೆತಾಯಿಗಳಿಗಾಗಿಯೇ ಈ ಜೀವನಕಥೆ.

ತಾಯಿಯಿಲ್ಲದ ಮನೆ

ತೆರೇಸಾ 1873ರ ಜನವರಿ 2ರಂದು ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಅಲೆನ್ಸಾನ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕಸುಬಿನವರು. ತಾಯಿ ಝೆಲಿ, ಆ ಊರಿಗೆ ಹೆಸರು ತಂದಿದ್ದ ಲೇಸ್ ಹೆಣಿಗೆಯ ಉದ್ಯಮ ನಡೆಸುತ್ತಿದ್ದರು. ಅವರಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದವರು ಐದು ಹೆಣ್ಣುಮಕ್ಕಳು: ಮರಿ, ಪೌಲಿನ್, ಲಿಯೋನಿ, ಸೆಲಿನ್ ಮತ್ತು ಕಿರಿಯವಳಾದ ತೆರೇಸಾ. ಹುಟ್ಟಿದಾಗ ತೀರ ಸೊರಗಿದ್ದ ಈ ಕೂಸನ್ನು ಬದುಕಿಸಿಕೊಳ್ಳಲು ಹಳ್ಳಿಯ ದಾದಿಯೊಬ್ಬಳ ಮನೆಯಲ್ಲಿ ಒಂದು ವರ್ಷ ಬಿಡಬೇಕಾಯಿತು. ಮರಳಿ ಬಂದ ಮೇಲೆ ಅವಳು ಮನೆಯವರೆಲ್ಲರ ಕಣ್ಮಣಿಯಾದಳು. ನಗುಮೊಗದ, ತುಂಟತನದ, ಹಟದ ಮಗುವಾಗಿದ್ದಳು.

1877ರ ಆಗಸ್ಟ್ 28ರಂದು ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮನೆಯ ದೊಡ್ಡವರೆಲ್ಲ ದುಃಖದಲ್ಲಿಯೂ ಕೆಲಸದಲ್ಲಿಯೂ ಮುಳುಗಿದ್ದರು. ಕಿರಿಯ ಮಗುವಿನ ಕಡೆ ಗಮನ ಕೊಡಲು ಯಾರಿಗೂ ಬಿಡುವಾಗಲಿಲ್ಲ. ನಡುಮನೆಯ ದಾರಿಯಲ್ಲಿ ಇಟ್ಟಿದ್ದ ಶವಪೆಟ್ಟಿಗೆಯ ಮುಂದೆ ಅವಳು ಬಹಳ ಹೊತ್ತು ಒಬ್ಬಳೇ ನಿಂತಿದ್ದಳು. ಹೆಚ್ಚು ಅಳಲಿಲ್ಲ, ಮನಸ್ಸಿನಲ್ಲಿದ್ದುದನ್ನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವಳ ಸ್ವಭಾವವೇ ಬದಲಾಯಿತು. ಹೊಸಬರನ್ನು ಕಂಡರೆ ಸಂಕೋಚ, ಯಾರಾದರೂ ದಿಟ್ಟಿಸಿ ನೋಡಿದರೆ ಸಾಕು ಕಣ್ಣೀರು.

ಪ್ರಿಯ ಓದುಗರೇ, ಮನೆಯಲ್ಲಿ ಸಾವು ಸಂಭವಿಸಿದಾಗ ಅಳದ ಮಗುವನ್ನು ಕಂಡು, ಅದಕ್ಕೇನೂ ತಿಳಿಯದು ಎಂದುಕೊಳ್ಳುತ್ತೇವೆ. ತೆರೇಸಾಳಿಗೆ ಎಲ್ಲವೂ ತಿಳಿದಿತ್ತು. ಹದಿನೇಳು ವರ್ಷಗಳ ನಂತರ ತನ್ನ ಆತ್ಮಕಥೆಯನ್ನು ಬರೆಯತೊಡಗಿದಾಗಲೂ ಅವಳಿಗೆ ಆ ಪೆಟ್ಟಿಗೆಯ ನೆನಪು ಅಳಿದಿರಲಿಲ್ಲ.

ಕತ್ತಲೆಯ ಕೋಣೆಗೆ ಒಬ್ಬಳೇ

ಅದೇ ವರ್ಷದ ನವೆಂಬರಿನಲ್ಲಿ ಲೂಯಿ ಮಾರ್ಟಿನ್ ತಮ್ಮ ಮಕ್ಕಳೊಂದಿಗೆ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ ಮಕ್ಕಳ ಸೋದರಮಾವ ಔಷಧಿ ಅಂಗಡಿ ಇಟ್ಟುಕೊಂಡಿದ್ದರು. ತೆರೇಸಾ ತನ್ನ ಎರಡನೆಯ ಅಕ್ಕ ಪೌಲಿನ್‌ಳನ್ನು ತಾಯಿಯ ಸ್ಥಾನದಲ್ಲಿ ಇರಿಸಿಕೊಂಡಳು. ಬೆಳಿಗ್ಗೆ ಅಕ್ಕನಿಂದ ಪಾಠ, ಮಧ್ಯಾಹ್ನ ತಂದೆಯ ಕೈಹಿಡಿದು ತಿರುಗಾಟ, ದಾರಿಯಲ್ಲಿ ಒಂದು ದೇವಾಲಯಕ್ಕೆ ಹೋಗಿ ಪರಮ ಪ್ರಸಾದದ ಭೇಟಿ, ಸಂಜೆ ತಂದೆಯ ತೊಡೆಯ ಮೇಲೆ ಹಾಡು ಕಥೆ, ಕೊನೆಗೆ ಎಲ್ಲರೂ ಕೂಡಿ ರಾತ್ರಿಯ ಪ್ರಾರ್ಥನೆ. ಮುಂದೇನೆಂದು ಮೊದಲೇ ತಿಳಿದಿರುವ ಇಂಥ ದಿನಚರಿ ಹೆದರಿದ ಮಗುವಿಗೆ ಆಧಾರವಾಯಿತು.

ಪೌಲಿನ್ ತಂಗಿಯನ್ನು ಮುದ್ದಿಸಿದಷ್ಟೇ ಗಟ್ಟಿಯಾಗಿಯೂ ಬೆಳೆಸಿದಳು. ರಾತ್ರಿ ಹೊತ್ತು ದೂರದ ಕೋಣೆಯಿಂದ ಏನನ್ನಾದರೂ ತರಲು ಅವಳನ್ನು ಒಬ್ಬಳನ್ನೇ ಕಳುಹಿಸುತ್ತಿದ್ದಳು. ಒಲ್ಲೆನೆಂದರೆ ಬಿಡುತ್ತಿರಲಿಲ್ಲ. ಹೀಗೆ ಮಾಡದಿದ್ದರೆ ತಾನು ತೀರ ಹೇಡಿಯಾಗಿಬಿಡುತ್ತಿದ್ದೆನೆಂದು ತೆರೇಸಾ ಮುಂದೆ ಅಕ್ಕನಿಗೆ ಕೃತಜ್ಞತೆಯಿಂದ ಬರೆದಳು. ಇಂದಿನ ಮನೋವೈದ್ಯರೂ ಇದನ್ನೇ ಹೇಳುತ್ತಾರೆ. ಹೆದರಿಸುವ ಸಂಗತಿಯಿಂದ ಮಗುವನ್ನು ಸದಾ ತಪ್ಪಿಸುತ್ತಾ ಹೋದರೆ ಭಯ ಬಲಿಯುತ್ತದೆ. ನಂಬಿಕೆಯವರು ಹತ್ತಿರದಲ್ಲಿರುವಾಗ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಅದನ್ನು ಎದುರಿಸಿದರೆ ಭಯ ಇಳಿಯುತ್ತದೆ. ಆದರೆ ಒಂದು ಮಾತು ನೆನಪಿಡಿ: ಪೌಲಿನ್ ಕಳುಹಿಸಿದ್ದು ಮನೆಯೊಳಗಿನ ಕೋಣೆಗೆ, ಕಾಡಿಗಲ್ಲ. ಕಳುಹಿಸಿದವಳು ಅದೇ ಮನೆಯಲ್ಲಿ ಕಾದು ಕುಳಿತಿದ್ದಳು.

ಬಾಗಿಲಾಚೆ ಕೇಳಿಸಿಕೊಂಡ ಮಾತು

ಎಂಟೂವರೆ ವರ್ಷಕ್ಕೆ, 1881ರಲ್ಲಿ, ತೆರೇಸಾ ಕನ್ಯಾಸ್ತ್ರೀಯರ ಶಾಲೆಗೆ ಸೇರಿದಳು. ಪಾಠದಲ್ಲಿ ಚುರುಕಾಗಿದ್ದುದರಿಂದ ತನಗಿಂತ ದೊಡ್ಡ ಹುಡುಗಿಯರ ತರಗತಿಯಲ್ಲಿ ಕೂರಬೇಕಾಯಿತು. ಅವರಲ್ಲೊಬ್ಬಳು ಹೊಟ್ಟೆಕಿಚ್ಚಿನಿಂದ ಅವಳನ್ನು ಬಗೆಬಗೆಯಾಗಿ ಕಾಡಿದಳು. ತೆರೇಸಾ ಯಾರಿಗೂ ದೂರಲಿಲ್ಲ, ಮರೆಯಲ್ಲಿ ಅತ್ತಳು. ಅಲ್ಲಿ ಕಳೆದ ಐದು ವರ್ಷಗಳನ್ನೇ ಅವಳು ತನ್ನ ಬಾಳಿನ ಅತಿ ದುಃಖದ ಕಾಲವೆಂದು ನೆನೆದಳು. ಒಳ್ಳೆಯ ಅಂಕ ತರುವ ಮಗುವಿಗೆ ಶಾಲೆಯಲ್ಲಿ ಯಾವ ತೊಂದರೆಯೂ ಇಲ್ಲವೆಂದು ನಾವು ನಿಶ್ಚಿಂತರಾಗುವುದು ತಪ್ಪು.

ಇದಕ್ಕಿಂತ ದೊಡ್ಡ ಪೆಟ್ಟು 1882ರಲ್ಲಿ ಬಿತ್ತು. ಹಿಂದೊಮ್ಮೆ ತೆರೇಸಾ, ನಾವಿಬ್ಬರೂ ದೂರದ ಮರುಭೂಮಿಗೆ ಹೋಗಿ ದೇವರ ಧ್ಯಾನ ಮಾಡೋಣವೆಂದು ಪೌಲಿನ್‌ಳನ್ನು ಕೇಳಿದ್ದಳು. ತಂಗಿ ದೊಡ್ಡವಳಾಗುವವರೆಗೆ ಕಾಯುವೆನೆಂದು ಅಕ್ಕ ಹಗುರಾಗಿ ಒಪ್ಪಿಕೊಂಡಿದ್ದಳು. ಅಕ್ಕನಿಗೆ ಅದು ಆಟದ ಮಾತು, ತಂಗಿಗೆ ಕೊಟ್ಟ ಭಾಷೆ. ಆಮೇಲೊಂದು ದಿನ ಪೌಲಿನ್ ತಾನು ಕಾರ್ಮೆಲ್ ಮಠ ಸೇರುವ ವಿಷಯವನ್ನು ಮರಿಯೊಂದಿಗೆ ಮಾತಾಡುತ್ತಿದ್ದುದು ತೆರೇಸಾಳ ಕಿವಿಗೆ ಬಿತ್ತು. ನೇರವಾಗಿ ಅವಳಿಗೆ ಯಾರೂ ಹೇಳಿರಲಿಲ್ಲ. ಎರಡನೆಯ ಸಾರಿ ತಾಯಿಯನ್ನು ಕಳೆದುಕೊಂಡಂತಾಯಿತು. ಅಕ್ಟೋಬರ್ 2ರಂದು ಪೌಲಿನ್ ಮಠ ಸೇರಿದಳು. ವಾರಕ್ಕೊಮ್ಮೆ ಮಠದ ಭೇಟಿಯಲ್ಲಿ ತೆರೇಸಾಳಿಗೆ ಸಿಗುತ್ತಿದ್ದುದು ಕೊನೆಯ ಎರಡು ಮೂರು ನಿಮಿಷ. ಅದೂ ಅಳುವಿನಲ್ಲೇ ಮುಗಿಯುತ್ತಿತ್ತು. ಎಡೆಬಿಡದ ತಲೆನೋವು ಶುರುವಾಯಿತು.

1883ರ ಪಾಸ್ಕ ಹಬ್ಬದ ಸಮಯದಲ್ಲಿ ತಂದೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ಯಾರಿಸ್ಸಿಗೆ ಹೋಗಿದ್ದರು. ಸೋದರಮಾವನ ಮನೆಯಲ್ಲಿದ್ದ ತೆರೇಸಾಳ ಎದುರು ಮಾವ ಅಕ್ಕರೆಯಿಂದ ಅವಳ ತಾಯಿಯ ಮಾತೆತ್ತಿದರು. ಮಗು ಬಿಕ್ಕಿ ಬಿಕ್ಕಿ ಅತ್ತಿತು. ಆ ರಾತ್ರಿ ಮೈಯೆಲ್ಲ ನಡುಕ ಹಿಡಿಯಿತು. ಮುಂದಿನ ವಾರಗಳಲ್ಲಿ ಇಲ್ಲದ್ದನ್ನು ಕಂಡು ಚೀರುವುದು, ಆಪ್ತರನ್ನೇ ಗುರುತಿಸದಿರುವುದು ನಡೆಯಿತು. ವೈದ್ಯರು ಬಂದು ನೋಡಿದರು. ಹಿರಿಯಕ್ಕ ಮರಿ ಹಾಸಿಗೆಯ ಪಕ್ಕ ಬಿಡದೆ ಕುಳಿತಳು. ತಂದೆ ಪ್ಯಾರಿಸ್ಸಿನ ವಿಜಯಮಾತೆಯ ದೇವಾಲಯದಲ್ಲಿ ನವೇನ ಬಲಿಪೂಜೆಗಳನ್ನು ಮಾಡಿಸಿದರು. ಮೇ 13, ಪೆಂತೆಕೋಸ್ತ್ ಹಬ್ಬದಂದು, ಮೂವರು ಅಕ್ಕಂದಿರು ಹಾಸಿಗೆಯ ಬಳಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗ ತೆರೇಸಾಳೂ ಮಾತೆ ಮರಿಯಮ್ಮನವರ ಪ್ರತಿಮೆಯ ಕಡೆ ತಿರುಗಿದಳು. ಆ ತಾಯಿ ತನ್ನನ್ನು ನೋಡಿ ಮುಗುಳ್ನಕ್ಕುದನ್ನು ಕಂಡಳು. ಕಾಯಿಲೆ ಬಿಟ್ಟಿತು.

ಇಲ್ಲಿ ಗಮನಿಸಿ: ಆ ಮನೆಯವರು ವೈದ್ಯರನ್ನೂ ಕರೆದರು, ಪ್ರಾರ್ಥನೆಯನ್ನೂ ಮಾಡಿದರು. ಒಂದನ್ನು ಮಾಡಿದರೆ ಇನ್ನೊಂದು ಬೇಡವೆಂದು ಅವರಿಗೆ ಅನಿಸಲಿಲ್ಲ.

ಗುಣವಾದ ಮೇಲೂ ಕಷ್ಟ ತಪ್ಪಲಿಲ್ಲ. ಸುದ್ದಿ ತಿಳಿದ ಮಠದವರು ಕುತೂಹಲದಿಂದ ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರು. ಉತ್ತರ ತೋಚದೆ ಮಗು ತನ್ನನ್ನೇ ಸಂಶಯಿಸಿತು. ತಾನು ಸುಳ್ಳು ಹೇಳಿದೆನೇ, ಕಾಯಿಲೆಯನ್ನೇ ನಟಿಸಿದೆನೇ ಎಂಬ ಕೊರಗು ನಾಲ್ಕು ವರ್ಷ ಕಾಡಿತು. ನಮ್ಮ ಮಕ್ಕಳ ಒಳಗಿನ ಸಂಗತಿಗಳನ್ನು ನೆಂಟರೆದುರು ಹರಡುವಾಗ ಇದನ್ನು ನೆನೆಯೋಣ.

ಹೆರಳಿನ ಹೊತ್ತಿನ ಮಾತು

1884ರ ಮೇ 8ರಂದು ತೆರೇಸಾ ಪ್ರಥಮ ಪರಮ ಪ್ರಸಾದವನ್ನು ಮಹದಾನಂದದಿಂದ ಸ್ವೀಕರಿಸಿದಳು. ಆದರೆ ಮರುವರ್ಷದ ಧ್ಯಾನಕೂಟದಲ್ಲಿ ಪಾಪದ ಕುರಿತು ಭಯ ಹುಟ್ಟಿಸುವ ಉಪದೇಶಗಳನ್ನು ಕೇಳಿದ ಮೇಲೆ ಹೊಸ ಸಂಕಟ ಶುರುವಾಯಿತು. ಏನು ಯೋಚಿಸಿದರೂ ಪಾಪ, ಏನು ಮಾಡಿದರೂ ಪಾಪ ಎಂಬ ಶಂಕೆ. ಒಂದೂವರೆ ವರ್ಷ ಈ ಹಿಂಸೆ ನಡೆಯಿತು. ಇದು ಭಕ್ತಿ ಹೆಚ್ಚಾದುದರ ಗುರುತಲ್ಲ, ಮನಸ್ಸಿನ ನೋವು. ಪದೇ ಪದೇ ಪಾಪನಿವೇದನೆಗೆ ಓಡುವ, ಒಂದೇ ಜಪವನ್ನು ತಪ್ಪಾಯಿತೆಂದು ಹತ್ತು ಬಾರಿ ಹೇಳುವ ಮಗುವನ್ನು ಕಂಡರೆ ಹೆಮ್ಮೆಪಡಬೇಡಿ. ಗುರುಗಳಿಗೆ ತಿಳಿಸಿ, ವೈದ್ಯರಿಗೂ ತೋರಿಸಿ.

ಈ ಕಾಲದಲ್ಲಿ ಕೈಹಿಡಿದವಳು ಮರಿ. ಶಾಲೆಯಿಂದ ಬಂದ ತಂಗಿಯ ಕೂದಲನ್ನು ಮರುದಿನಕ್ಕಾಗಿ ಸುರುಳಿ ಮಾಡುತ್ತಾ ಕುಳಿತಾಗ ತೆರೇಸಾ ಅಳುತ್ತಾ ಆ ದಿನದ ಶಂಕೆಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದಳು. ಮರಿ ಬೇಸರಿಸದೆ, ಗದರದೆ, ನಗದೆ ಕೇಳುತ್ತಿದ್ದಳು. ಯಾವುದನ್ನು ಪಾಪನಿವೇದನೆಯಲ್ಲಿ ಹೇಳಬೇಕು, ಯಾವುದನ್ನು ಬಿಡಬೇಕೆಂದು ತಿಳಿಸುತ್ತಿದ್ದಳು. ತಂದೆಯೂ ಮಗಳ ತಲೆನೋವು ನೋಡಿ 1886ರ ಆರಂಭದಲ್ಲಿ ಶಾಲೆ ಬಿಡಿಸಿ ಬೇರೆ ಕಡೆ ಖಾಸಗಿ ಪಾಠಕ್ಕೆ ವ್ಯವಸ್ಥೆ ಮಾಡಿದರು.

ಅದೇ ಅಕ್ಟೋಬರಿನಲ್ಲಿ ಮರಿಯೂ ಮಠ ಸೇರಿದಳು. ಹೇಳಿಕೊಳ್ಳಲು ಯಾರೂ ಉಳಿಯದಾಗ ತೆರೇಸಾ ಎಳವೆಯಲ್ಲೇ ಸ್ವರ್ಗ ಸೇರಿದ್ದ ತನ್ನ ಇಬ್ಬರು ಅಣ್ಣಂದಿರನ್ನೂ ಇಬ್ಬರು ಅಕ್ಕಂದಿರನ್ನೂ ಮನೆಯವರೊಡನೆ ಮಾತಾಡುವಂತೆಯೇ ಬೇಡಿಕೊಂಡಳು. ಆ ಶಂಕೆಗಳು ದೂರವಾಗಿ ಶಾಂತಿ ದೊರೆಯಿತು.

1886ರ ಕ್ರಿಸ್ಮಸ್ ರಾತ್ರಿ. ನಡುರಾತ್ರಿಯ ಬಲಿಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಒಲೆಯ ಬಳಿ ಇಟ್ಟ ಪಾದರಕ್ಷೆಗಳಲ್ಲಿ ಚಿಕ್ಕ ಮಕ್ಕಳಿಗೆ ಉಡುಗೊರೆ ತುಂಬಿಡುವುದು ಅಲ್ಲಿನ ಪದ್ಧತಿ. ಹದಿನಾಲ್ಕು ತುಂಬಲಿದ್ದ ಮಗಳಿಗೆ ಇದು ಕೊನೆಯ ವರ್ಷವೆಂದು ದಣಿದ ತಂದೆ ಬೇಸರದಿಂದ ಆಡಿದ ಮಾತು ಮೆಟ್ಟಿಲೇರುತ್ತಿದ್ದ ತೆರೇಸಾಳ ಕಿವಿಗೆ ಬಿತ್ತು. ಅವಳ ಕಣ್ಣು ತುಂಬಿದುದನ್ನು ಕಂಡ ಸೆಲಿನ್ ಈಗಲೇ ಕೆಳಗೆ ಹೋಗಬೇಡವೆಂದು ತಡೆದಳು. ಆದರೆ ತೆರೇಸಾ ಕಣ್ಣೀರನ್ನು ನುಂಗಿಕೊಂಡು ಕೆಳಗಿಳಿದಳು. ತಂದೆಯ ಮುಂದೆ ಒಂದೊಂದೇ ಉಡುಗೊರೆಯನ್ನು ಸಂತೋಷದಿಂದ ಬಿಚ್ಚಿ ತೋರಿಸಿದಳು. ತಂದೆ ನಕ್ಕರು. ನಾಲ್ಕೂವರೆ ವರ್ಷಕ್ಕೆ ಕಳೆದುಕೊಂಡಿದ್ದ ಮನೋಬಲ ಆ ರಾತ್ರಿ ಮರಳಿತೆಂದು ಅವಳು ಬರೆದಿದ್ದಾಳೆ. ಅದನ್ನು ಅವಳು ದೇವರ ಕೃಪೆಯೆಂದೇ ತಿಳಿದಳು. ಆ ಕೃಪೆಗೆ ಪೌಲಿನ್‌ಳ ಗಟ್ಟಿತನ, ಮರಿಯ ತಾಳ್ಮೆ, ತಂದೆಯ ಅಕ್ಕರೆ ಹತ್ತು ವರ್ಷ ನೆಲ ಹದಮಾಡಿದ್ದವು.

ಕಿರುದಾರಿ

1888ರ ಏಪ್ರಿಲ್ 9ರಂದು, ಹದಿನೈದರ ಪ್ರಾಯದಲ್ಲಿ, ತೆರೇಸಾ ಲಿಸ್ಯೂವಿನ ಕಾರ್ಮೆಲ್ ಮಠ ಸೇರಿದಳು. ಮರುವರ್ಷವೇ ತಂದೆ ಬುದ್ಧಿ ಸ್ಥಿಮಿತ ತಪ್ಪಿ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಬೇಕಾಯಿತು. ಮೂರು ವರ್ಷ ಅಲ್ಲಿದ್ದರು. ಊರಿನವರು ಏನೇನೋ ಆಡಿಕೊಂಡರು. ಅದೇ ಲೂಯಿ ಮತ್ತು ಝೆಲಿ ದಂಪತಿಗಳನ್ನು 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಂತರೆಂದು ಸಾರಿದರು. ಮನಸ್ಸಿನ ಕಾಯಿಲೆ ಯಾರ ಪಾಪದ ಫಲವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ದೇವರನ್ನು ಶಿಕ್ಷಿಸುವ ನ್ಯಾಯಾಧೀಶನೆಂದೇ ಹಲವರು ಭಾವಿಸಿದ್ದ ಕಾಲದಲ್ಲಿ, ಮಗು ತಂದೆಯ ತೋಳಿನಲ್ಲಿ ನಂಬಿ ಒರಗುವಂತೆ ದೇವರಲ್ಲಿ ಒರಗುವ ಕಿರುದಾರಿಯನ್ನು ತೆರೇಸಾ ಕಲಿಸಿದಳು. ಪ್ರಾರ್ಥನೆಯ ನಡುವೆ ನಿದ್ದೆ ಬಂದರೂ ಕೊರಗಲಿಲ್ಲ. ಮಲಗಿದ ಮಗುವನ್ನೂ ತಂದೆತಾಯಿ ಪ್ರೀತಿಸುತ್ತಾರಲ್ಲವೇ ಎಂಬುದು ಅವಳ ನಂಬಿಕೆ. ಕೊನೆಯ ಒಂದೂವರೆ ವರ್ಷ ಕ್ಷಯರೋಗದ ಜೊತೆಗೆ ವಿಶ್ವಾಸದ ಗಾಢ ಕತ್ತಲೆಯೂ ಅವಳನ್ನು ಮುತ್ತಿತು. ಕತ್ತಲೆ ಇರಲಿಲ್ಲವೆಂದಲ್ಲ, ಕತ್ತಲೆಯ ಕೋಣೆಗೆ ಹೋಗಲು ಅವಳು ಕಲಿತಿದ್ದಳು. 1897ರ ಸೆಪ್ಟೆಂಬರ್ 30ರಂದು, 24ನೆಯ ವಯಸ್ಸಿನಲ್ಲಿ ತೀರಿಕೊಂಡಳು. 1925ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರು ಅವಳನ್ನು ಸಂತಳೆಂದು ಸಾರಿದರು. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್ ಅವರು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ತಂದೆತಾಯಿಗಳೇ, ಮನೆಯಲ್ಲಿ ಬದಲಾವಣೆ ಬರಲಿದ್ದರೆ ಮಗುವಿಗೆ ಮೊದಲೇ ನೀವೇ ಹೇಳಿ. ಮಗು ಹೆದರಿದಾಗ ಅಣಕಿಸಬೇಡಿ, ಹೆದರಿಸುವ ಎಲ್ಲವನ್ನೂ ಮರೆಮಾಡಲೂ ಬೇಡಿ. ಕಳವಳದಿಂದ ವಾರಗಟ್ಟಲೆ ಶಾಲೆ, ಊಟ, ನಿದ್ರೆ ಕೆಟ್ಟರೆ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಸಾಯುವ ಮಾತಾಡಿದರೆ ನಾಳೆಗೆ ಮುಂದೂಡಬೇಡಿ. ಅದೇ ದಿನ ಸಹಾಯ ಪಡೆಯಿರಿ, ಒಬ್ಬಂಟಿಯಾಗಿ ಬಿಡಬೇಡಿ.

ಇಂದು ಸಂಜೆ ಮಗಳಿಗೆ ಹೆರಳು ಹಾಕುವಾಗಲೋ, ಮಗನೊಂದಿಗೆ ಅಂಗಡಿಗೆ ನಡೆಯುವಾಗಲೋ, ಮರಿಯಂತೆ ಸುಮ್ಮನೆ ಕೇಳಿ. ಮಗು ಬಾಯಿಬಿಡಲು ಹಲವು ಸಂಜೆಗಳು ಬೇಕಾಗಬಹುದು. ಅಂಜಿಕೆಯನ್ನು ಬಲ್ಲ ಸಂತ ತೆರೇಸಾ ನಮ್ಮ ಮಕ್ಕಳಿಗಾಗಿ, ಅವರನ್ನು ಬೆಳೆಸುವ ನಮಗಾಗಿ ಪ್ರಾರ್ಥಿಸಲಿ.