ಅಲನ್ ಟ್ಯೂರಿಂಗ್

ಗಣಿತಜ್ಞ ಅಲನ್ ಟ್ಯೂರಿಂಗ್ 1912ನೆಯ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ಆತನ ಮನೆತನಕ್ಕೆ ನಮ್ಮ ನಾಡಿನ ನಂಟುಂಟು. ತಂದೆ ಜೂಲಿಯಸ್ ಮದರಾಸು ಪ್ರಾಂತದ ಐ.ಸಿ.ಎಸ್. ಅಧಿಕಾರಿ, ಬಳ್ಳಾರಿ ಸೀಮೆಯಲ್ಲಿಯೂ ಸೇವೆ ಸಲ್ಲಿಸಿದವನು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸಿನ ರೈಲ್ವೆಯಲ್ಲಿ ಮುಖ್ಯ ಇಂಜಿನಿಯರನಾಗಿದ್ದನು. ತಂದೆತಾಯಿಗಳು ಭಾರತದಲ್ಲಿ, ಮಗನು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ. ಬಾಲ್ಯವು ಬಹುಮಟ್ಟಿಗೆ ಹೀಗೆಯೇ ಕಳೆಯಿತು.

ಕೇಂಬ್ರಿಜ್‌ನಲ್ಲಿ ಕಲಿತ ಟ್ಯೂರಿಂಗ್, ಬೇರೆ ಬೇರೆ ಆದೇಶಗಳಿಂದ ಬೇರೆ ಬೇರೆ ಲೆಕ್ಕಗಳನ್ನು ಮಾಡಬಲ್ಲ ಒಂದೇ ಯಂತ್ರವನ್ನು 1936ರಲ್ಲಿ ಕಾಗದದ ಮೇಲೆ ಕಲ್ಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮ ಗುಪ್ತಲಿಪಿಯನ್ನು ಭೇದಿಸಿದವರಲ್ಲಿ ಆತನು ಅಗ್ರಗಣ್ಯನು.

1945ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿ, ಏಸ್ ಎಂಬ ಗಣಕಯಂತ್ರದ ಯೋಜನೆಯನ್ನು ಬರೆದನು. ದೊಡ್ಡ ಲೆಕ್ಕದಲ್ಲಿ ಒಂದು ಆದೇಶಮಾಲೆಯು ತನ್ನ ಕೆಲಸದ ನಡುವೆ ಇನ್ನೊಂದನ್ನು ಕರೆಯುತ್ತದೆ. ಅದು ಮತ್ತೊಂದನ್ನು ಕರೆಯುತ್ತದೆ. ಕೆಲಸ ಮುಗಿದ ಮೇಲೆ ಪ್ರತಿಯೊಂದೂ ಬಿಟ್ಟ ಜಾಗಕ್ಕೇ ಮರಳಬೇಕು. ಹೋಗುವ ಮುನ್ನ ಮರಳುವ ಸ್ಥಳದ ಗುರುತನ್ನು ಹೂಳುವುದು, ಬಳಿಕ ಕೊನೆಗೆ ಹೂತದ್ದನ್ನು ಮೊದಲು ತೆಗೆಯುವುದು: ಇದು ಟ್ಯೂರಿಂಗನ ಉಪಾಯ. ನವಲಗುಂದ ತಾಲ್ಲೂಕಿನ ತಿರ್ಲಾಪುರದ ಕಡೆಯ ರೈತಮಕ್ಕಳಿಗೆ ಹಗೇವು ಎಂದರೆ ಸಾಕು, ಅರ್ಥವಾದೀತು. ಕಡೆಗೆ ಸುರಿದ ಜೋಳವೇ ಮೊದಲು ಕೈಗೆ ಬರುತ್ತದೆ.

ಇಂದಿನ ಗಣಕಗಳಲ್ಲಿ ಎಲ್ಲ ಕಾರ್ಯಗಳನ್ನೂ ಆಳುವ ಮೂಲ ಆದೇಶಸಮೂಹಕ್ಕೆ ಕರ್ನೆಲ್ ಎಂದು ಹೆಸರು. ಅದು ಎಡವಿ ನಿಂತಾಗ, ಹೂತಿಟ್ಟ ಈ ಗುರುತುಗಳನ್ನೇ ಒಂದೊಂದಾಗಿ ತೆಗೆದು ಅಚ್ಚುಮಾಡಿ ತೋರಿಸುತ್ತದೆ. ಯಾವುದು ಯಾವುದನ್ನು ಕರೆಯಿತೆಂಬ ಆ ಪಟ್ಟಿಯೇ ಸ್ಟ್ಯಾಕ್ ಟ್ರೇಸ್. ಮುಗಿದುಹೋದ ಕೆಲಸಗಳ ಹಳೆಯ ಗುರುತುಗಳು ಅದರಲ್ಲಿ ನುಸುಳುವುದುಂಟು. ಆಗ ದುರಸ್ತಿಗಾರನು ಕೆಡದ ಭಾಗವನ್ನೇ ಕೆದಕುತ್ತ ಕೂರಬೇಕಾಗುತ್ತದೆ. ಪಟ್ಟಿಯನ್ನು ಅಚ್ಚುಮಾಡುವ ಭಾಗವನ್ನು ತಿದ್ದದೆ ಬೇರೆ ದೋಷಗಳನ್ನು ಹುಡುಕುವುದು ಕಷ್ಟ.

ದೋಷಶೋಧನೆಯ ಚಿಂತೆ ಟ್ಯೂರಿಂಗನಿಗೂ ಇತ್ತು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ದೊಡ್ಡ ಆದೇಶಮಾಲೆಯ ನಡುನಡುವೆ ಅಲ್ಲಲ್ಲಿ ಏನು ನಿಜವಾಗಿರಬೇಕೆಂದು ಬರೆದಿಟ್ಟರೆ ಭಾಗಭಾಗವಾಗಿ ಪರೀಕ್ಷಿಸಬಹುದೆಂದು ತೋರಿಸಿದನು. ಕೂಡುವ ಲೆಕ್ಕದಲ್ಲಿ ದಶಕಗಳನ್ನು ಬರೆದಿಟ್ಟಂತೆ ಇದು.

ಆದರೆ ಆತನು ಬರೆದ ಏಸ್ ಪೂರ್ಣರೂಪದಲ್ಲಿ ಸಕಾಲಕ್ಕೆ ಸಿದ್ಧವಾಗಲಿಲ್ಲ. ವಿಳಂಬದಿಂದ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರಿಗೆ ಹೊರಟುಹೋದನು. ಅದರ ಕಿರಿಯ ರೂಪವು ಓಡತೊಡಗಿದ್ದು 1950ರಲ್ಲಿ. ಯುದ್ಧಕಾಲದ ಸಾಧನೆಯನ್ನು ಹೇಳಿಕೊಳ್ಳಲು ಕಾನೂನು ಬಿಡಲಿಲ್ಲ. ಪುರುಷನೊಬ್ಬನೊಡನೆ ಸಂಬಂಧವಿತ್ತೆಂದು 1952ರಲ್ಲಿ ನ್ಯಾಯಾಲಯವು ಆತನನ್ನು ಅಪರಾಧಿಯೆಂದು ಸಾರಿತು; ಅಂದಿನ ಕಾನೂನು ಅಷ್ಟು ಕ್ರೂರವಾಗಿತ್ತು. 1954ನೆಯ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಆತನು ಮೃತನಾದನು. ಬ್ರಿಟನ್ನಿನ ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ.